ಅರ್ಥ ಹೇಳುವವಳು

ಬಾಗಿಲಲ್ಲಿ ನಿಂತವನನ್ನು ನೋಡಿ ವಾಣಿಶ್ರೀಯ ಕಾಲು ಹೊಲಿಗೆ ಮಷಿನ್ನಿನ ಪೆಡಲಿನ ಮೇಲೆಯೇ ನಿಂತುಹೋಯಿತು.

ರೇಣುಕಾಪ್ರಸಾದ್...

ಒಂದು ವರ್ಷದಿಂದ ಈ ಮುಖ ಕಣ್ಣಿಗೆ ಬೀಳಬಾರದೆಂದು ಅವಳು ಶಿಕಾರಿಪುರದ ಬಸ್ ಸ್ಟ್ಯಾಂಡಿನ ಕಡೆ ಹೋಗುವುದನ್ನೇ ಬಿಟ್ಟಿದ್ದಳು. ಸಂತೆಗೂ ಸುತ್ತು ಹಾಕಿಕೊಂಡು ಹೋಗುತ್ತಿದ್ದಳು. ಈಗ ನೋಡಿದರೆ ಆ ಮುಖವೇ ಅವಳನ್ನು ಹುಡುಕಿಕೊಂಡು ಅಂಗಡಿಗೆ ಬಂದಿದೆ.

"ಒಳಗೆ ಬರಬೋದಾ?" ಎಂದ.

ಅವಳು ಕೆಮ್ಮಿದಳು.

ಈ ಕೆಮ್ಮಿಗೆ ಒಂದು ಕಥೆಯಿದೆ. ರೇಣುಕಾಪ್ರಸಾದ್ ಅವಳ ಗೆಳತಿ ಅಶ್ವಿನಿಯ ಅಣ್ಣ. ಗೆಳತಿಯ ಅಣ್ಣನನ್ನು ತಾನೂ ಅಣ್ಣ ಎನ್ನುವುದು ಊರ ರೂಢಿ. ವಾಣಿಶ್ರೀ ಮಾತ್ರ ಮೊದಲ ದಿನದಿಂದಲೂ ಆ ಪದವನ್ನು ನಾಲಿಗೆಗೆ ತರಲಿಲ್ಲ. ಹೆಸರು ಹಿಡಿಯಲು ಧೈರ್ಯವಿಲ್ಲ, ಅಣ್ಣ ಎನ್ನಲು ಮನಸ್ಸಿಲ್ಲ. ಹಾಗಾಗಿ ಕರೆಯಬೇಕಾದಾಗಲೆಲ್ಲ ಕೆಮ್ಮುತ್ತಿದ್ದಳು. ಸೊರಬದಲ್ಲಿ ಶುಂಠಿ ವ್ಯಾಪಾರ ಮಾಡುವ ಆ ಮಹಾರಾಯ, ಪಾಪ, ಹುಡುಗಿಯ ಗಂಟಲು ನಿಜಕ್ಕೂ ಕೆಟ್ಟಿದೆ ಎಂದುಕೊಂಡು ಒಮ್ಮೆ ಒಂದು ಚೀಲ ಹಸಿಶುಂಠಿ ತಂದುಕೊಟ್ಟಿದ್ದ. ಅದೆಲ್ಲ ನಗುವ ಕಾಲದ ಮಾತು.

"ಇನ್ನೂ ಹೋಗಿಲ್ವಾ ಆ ಕೆಮ್ಮು?" ಅವನು ನಕ್ಕ. ಅವನು ನಕ್ಕದ್ದೇ ಅವಳಿಗೆ ಹೆದರಿಕೆ ತಂದಿತು.

ಕೈಯಲ್ಲಿದ್ದ ದಪ್ಪ ಕಾದಂಬರಿಯನ್ನು ಅವನು ಮಷಿನ್ನಿನ ಮೇಲಿಟ್ಟ. ರಟ್ಟು ಹರಿದ ಮೂಲೆಗೆ ಹಚ್ಚಿದ್ದ ನೀಲಿ ಬಟ್ಟೆಯ ತುಂಡು ನೋಡಿದೊಡನೆ ಅವಳಿಗೆ ಗುರುತು ಸಿಕ್ಕಿತು. ಆ ತೇಪೆ ಹಚ್ಚಿದವಳು ಅವಳೇ.

"ಅಶ್ವಿನಿ ಕಳಿಸಿದಾಳೆ. ಕೊನೇ ಅಧ್ಯಾಯಗಳು ಉಳಿದಾವಂತೆ. ವಾಣಿ ಬರ್ಲಿ, ಇಬ್ರೂ ಸೇರಿ ಮುಗಿಸೋಣ ಅಂದ್ಲು."

"ಅಶ್ವಿನೀನಾ... ಹಾಗಂದ್ಲಾ?"

"ಅವಳೇ. ಇನ್ನೊಂದು ವಿಷಯ." ಅವನು ಅಂಗಡಿಯ ನೆಲವನ್ನು ನೋಡುತ್ತಾ ಹೇಳಿದ. "ಅಪ್ಪ ಒಪ್ಪಿದ್ರು. ಬರೋ ಸೋಮವಾರ ನಿಮ್ಮನೆಗೆ ಬರ್ತೀವಿ. ಹೆಣ್ಣು ಕೇಳೋಕೆ."

ಎಷ್ಟು ವರ್ಷ ಕಾದಿದ್ದ ಮಾತು! ಅದನ್ನು ಕೇಳಿ ಅವಳ ಎದೆ ಕುಣಿಯಬೇಕಿತ್ತು. ಅದು ಕಲ್ಲಾಯಿತು.

"ಹೇಗೆ ಒಪ್ಪಿದ್ರು?"

"ಆ ಮಾತು ಆಡಿದ್ದು ನೀನಲ್ಲ ಅಂತ ಅವರಿಗೆ ಈಗ ಖಾತ್ರಿ ಆಗಿದೆ. ಎಲ್ಲಾ ನಮ್ಮ ಅಕ್ಕನಾಗಮ್ಮತ್ತೇದೇ ಕೆಲಸ. ವರ್ಷ ಆತು, ಹಬ್ಬಕ್ಕೂ ತವರಿಗೆ ಬರಲಿಲ್ಲ. ತಪ್ಪು ಮಾಡದಿದ್ರೆ ಯಾಕೆ ಬರಲ್ಲ ಅಂತಾರೆ ಅಪ್ಪ." ಅವನು ತಲೆ ಎತ್ತಿದ. "ನಾನು ಅವತ್ತಿಂದಾನೂ ಹೇಳ್ತಿದ್ದೆ ವಾಣಿ. ಇಡೀ ಮನೆ ಒಂದು ಕಡೆ, ನಾನೊಬ್ಬ ಒಂದು ಕಡೆ. ವಾಣಿ ನಾನಲ್ಲ ಅಂದ್ರೆ ಅವಳಲ್ಲ ಅಂತ."

ಅವನು ಹೋದ ಮೇಲೂ ಅಂಗಡಿಯಲ್ಲಿ ಹಸಿಶುಂಠಿಯ ವಾಸನೆ ಉಳಿದಿತ್ತು. ಒಳಮನೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದ ತಾಯಿ ನೀಲಾಂಬಿಕ ಸೆರಗಿನಿಂದ ಕಣ್ಣೊರೆಸುತ್ತಾ ಬಂದಳು.

"ಕೊನೀಗೂ ದೇವ್ರು ಕಣ್ಣು ಬಿಟ್ಟ ನೋಡವ್ವಾ. ಯಾಕೆ, ಮುಖ ಹಿಂಗ್ಯಾಕಾತು?"

"ಏನಿಲ್ಲಮ್ಮ. ಬಿಸಿಲು."

ಬಿಸಿಲಂತೆ! ಅಂಗಡಿಯ ಮಾಡಿನ ಕೆಳಗೆ ಕೂತವಳಿಗೆ.

ಅವಳ ಕಣ್ಣು ಗೋಡೆಯ ಮೊಳೆಗೆ ತೂಗುಹಾಕಿದ್ದ ಹಸಿರು ರವಿಕೆಯ ಮೇಲೆ ಹೋಯಿತು. ಹೊಲಿದು ವರ್ಷವಾದರೂ ಅದನ್ನು ಒಯ್ಯಲು ಯಾರೂ ಬಂದಿರಲಿಲ್ಲ.

ಓದುಗರೇ, ಆ ರವಿಕೆಯ ಕಥೆಯನ್ನೂ ಹೇಳಿಬಿಡಬೇಕು.

ಅಶ್ವಿನಿಗೆ ಕಳೆದ ವರ್ಷ ಸೊರಬದ ಒಂದು ಸಂಬಂಧ ಕೂಡಿಬಂದಿತ್ತು. ಅದೇ ಹುಡುಗ ಅದಕ್ಕೂ ಮೊದಲು ವಾಣಿಶ್ರೀಯನ್ನು ನೋಡಲು ಬಂದು, ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು ತಿಂದು, ಬಣ್ಣ ಸಾಲದು ಎಂದು ಹೇಳಿಕಳಿಸಿದ್ದ. ಅವನು ವಾಣಿಶ್ರೀಗೆ ಬೇಕಿರಲಿಲ್ಲ. ಅವಳ ಮನಸ್ಸು ಯಾವತ್ತೋ ಜಡೆ ಊರಿನ ಈ ಶುಂಠಿ ವ್ಯಾಪಾರಿಯ ಹಿಂದೆ ಹೋಗಿತ್ತು. ಆದರೂ ಬೇಡ ಎನಿಸಿಕೊಂಡದ್ದು ಎಲ್ಲೋ ಒಳಗೆ ಮುಳ್ಳಿನಂತೆ ಮುರಿದು ಕೂತಿತ್ತು.

ಮದುವೆ ಮಾತಿಗೆ ಮೊದಲು ಹುಡುಗಿಯ ಬಗ್ಗೆ ಅಕ್ಕಪಕ್ಕದಲ್ಲಿ ವಿಚಾರಿಸುವುದು ಈ ಕಡೆಯ ಪದ್ಧತಿ. ಯಾರೂ ನೇರವಾಗಿ ಕೇಳುವುದಿಲ್ಲ. ಕಿರಾಣಿ ಅಂಗಡಿಯಲ್ಲಿ ಸಕ್ಕರೆ ಕಟ್ಟಿಸುತ್ತಾ ಕೇಳುತ್ತಾರೆ, ಹೂವಿನವಳ ಹತ್ತಿರ ಮೊಳ ಹಾಕಿಸುತ್ತಾ ಕೇಳುತ್ತಾರೆ. ಹಾಗೆಯೇ ಒಂದು ದಿನ ಒಬ್ಬ ಹೆಂಗಸು ಹಸಿರು ರವಿಕೆ ಬಟ್ಟೆ ಹಿಡಿದು ಈ ಅಂಗಡಿಗೆ ಬಂದಳು.

"ಜಡೆ ಶಾಂತವೀರಪ್ಪನೋರ ಮಗಳು ನಿನ್ನ ಗೆಳತಿಯಂತೆ ಹೌದಾ? ಹೆಂಗೆ ಹುಡುಗಿ?"

"ಬಂಗಾರದಂಥ ಹುಡುಗಿ ರೀ."

"ಆರೋಗ್ಯ ಎಲ್ಲಾ ಸರಿ ಐತಾ?"

ರವಿಕೆ ಅಳತೆಗೆ ಬಂದವರು ಕೇಳುವ ಪ್ರಶ್ನೆಯೇ ಇದು? ಟೇಪು ಹಿಡಿದ ವಾಣಿಶ್ರೀಯ ಕೈ ಒಂದು ಕ್ಷಣ ನಿಂತಿತು. ಯಾರ ಕಡೆಯವಳು ಎಂಬುದು ಅವಳಿಗೆ ಹೊಳೆಯಿತು. ಹೊಳೆದ ಮೇಲೂ ಅವಳು ಬಾಯಿ ತೆರೆದಳು.

"ಸಣ್ಣೋಳಿದ್ದಾಗ ಫಿಟ್ಸ್ ಬರ್ತಿತ್ತು. ಈಗ ಮಾತ್ರೆ ತಗೋತಾಳೆ, ಏನೂ ತೊಂದ್ರೆ ಇಲ್ಲ."

ಏನೂ ತೊಂದರೆ ಇಲ್ಲ ಎಂದದ್ದನ್ನು ಆ ಹೆಂಗಸು ಕೇಳಿಸಿಕೊಳ್ಳಲಿಲ್ಲ. ಸಂಬಂಧ ಮುರಿಯಿತು. ಕಾರಣ ಕೇಳಿದ್ದಕ್ಕೆ 'ನಿಮ್ಮ ಕಡೆಯವರೇ ಹೇಳಿದರು' ಎಂಬ ಉತ್ತರ ಮಾತ್ರ ಬಂತು. ಕಾಯಿಲೆಯ ವಿಷಯ ಗೊತ್ತಿದ್ದ ಹೊರಗಿನವರು ಇಬ್ಬರೇ. ಗೆಳತಿ ವಾಣಿಶ್ರೀ, ಮತ್ತು ಕುಬಟೂರಿಗೆ ಕೊಟ್ಟಿದ್ದ ಸೋದರತ್ತೆ ಅಕ್ಕನಾಗಮ್ಮ. ಅಶ್ವಿನಿ ಮಂಕಾಗಿ ಮನೆ ಹಿಡಿದು ಕೂತಳು. ಫೋನು ಎತ್ತುವುದನ್ನೂ ಬಿಟ್ಟಳು.

ಆಗ ರೇಣುಕಾಪ್ರಸಾದ್ ಬಂದು ಕೇಳಿದ್ದ. "ನೀನಾ ವಾಣಿ?"

ಅವನ ಕಣ್ಣಲ್ಲಿದ್ದ ನಂಬಿಕೆ ನೋಡಿ ಅವಳಿಗೆ ನಿಜ ಹೇಳಲಾಗಲಿಲ್ಲ. "ನಾನಲ್ಲ ರೀ," ಎಂದುಬಿಟ್ಟಳು.

ಆ ಒಂದು ಮಾತಿನ ಮೇಲೆ ಅವನು ವರ್ಷವಿಡೀ ಮನೆಯವರ ಎದುರು ನಿಂತ. ಆ ಒಂದು ಮಾತಿಗೆ ಕುಬಟೂರಿನ ಹೆಂಗಸೊಬ್ಬಳಿಗೆ ತವರು ತಪ್ಪಿತು.

ರೇಣುಕಾಪ್ರಸಾದ್ ಅಂಗಡಿಗೆ ಬಂದುಹೋದ ಮರುದಿನ ಮಧ್ಯಾಹ್ನ ವಾಣಿಶ್ರೀ ಅಂಗಡಿಯ ಶಟರ್ ಅರ್ಧ ಎಳೆದು ಕಾದಂಬರಿ ತೆರೆದಳು.

ಇದು ಇಬ್ಬರೂ ಸೇರಿಯೇ ಓದಬೇಕಾದ ಪುಸ್ತಕ. ಕಾಲೇಜಿನ ದಿನಗಳಲ್ಲಿ ಅಶ್ವಿನಿ ಶಿಕಾರಿಪುರದ ಹಾಸ್ಟೆಲಿನಲ್ಲಿದ್ದಳು. ಶ್ರಾವಣದಲ್ಲಿ ಇಬ್ಬರೂ ಮಠಕ್ಕೆ ಪುರಾಣ ಕೇಳಲು ಹೋಗುತ್ತಿದ್ದರು. ಅಲ್ಲಿ ಒಬ್ಬರು ರಾಗವಾಗಿ ಪದ್ಯ ಓದಿ ನಿಲ್ಲಿಸುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಹುಡುಗಿಯರಿಗೆ ಅದೇ ಆಟವಾಯಿತು. ಹಾಸ್ಟೆಲ್ ತಾರಸಿಯ ಮೇಲೆ ಅಶ್ವಿನಿ ಕಾದಂಬರಿ ಓದುವುದು, ವಾಣಿಶ್ರೀ ಅರ್ಥ ಹೇಳುವುದು. ಅರ್ಥ ಹೇಳುವ ಜಾಗದಲ್ಲಿ ಕೂತು ಸುಳ್ಳಾಡಬಾರದು ಎಂಬುದು ಮಠದ ಮಾತು. ಅದನ್ನೂ ಅವರು ಆಟಕ್ಕೆ ಸೇರಿಸಿಕೊಂಡಿದ್ದರು.

ಕಾದಂಬರಿಯಲ್ಲಿ ಚೆನ್ನಿ ಎಂಬ ಹುಡುಗಿ. ಒಂದು ದಿನ ಗೆಳತಿಯರೊಡನೆ ಆಟಕ್ಕೆ ಓಡುವ ಆತುರದಲ್ಲಿ ಅವಳು ಕೊಟ್ಟಿಗೆಯ ಬಾಗಿಲು ಹಾಕಲಿಲ್ಲ, ಕರು ಬಾವಿಗೆ ಬಿತ್ತು. ತಪ್ಪು ಮನೆಯಾಳು ಸಣ್ಣಕ್ಕನ ತಲೆಗೆ ಬಂತು. ಸಣ್ಣಕ್ಕ ಮಡಿಲಲ್ಲಿ ನಾಲ್ಕು ಬಟ್ಟೆ ಕಟ್ಟಿಕೊಂಡು ಊರು ಬಿಟ್ಟಳು. ಚೆನ್ನಿ ಬೆಳೆದಳು, ಮೈನೆರೆದಳು, ಪಟ್ಟಣಕ್ಕೆ ಓದಲು ಹೋದಳು, ಹೊಸ ಗೆಳತಿಯರನ್ನು ಮಾಡಿಕೊಂಡಳು. ಪ್ರತಿ ಅಧ್ಯಾಯದಲ್ಲೂ ಈ ಸಲ ಹೇಳುತ್ತೇನೆ ಎಂದುಕೊಳ್ಳುತ್ತಾಳೆ. ಹೇಳುವುದಿಲ್ಲ. ಹಿಂದೆ ಓದುವಾಗ ವಾಣಿಶ್ರೀ ಚೆನ್ನಿಯನ್ನು ಬೈದಿದ್ದಳು. 'ಎಂಥ ಹುಡುಗಿ ಕಣೆ ಇವಳು, ಬಾಯಲ್ಲಿ ಕಡುಬು ಇಟ್ಕೊಂಡಿದಾಳಾ?' ಎಂದಿದ್ದಳು. ಅಶ್ವಿನಿ ಬಿದ್ದು ಬಿದ್ದು ನಕ್ಕಿದ್ದಳು.

ಈಗ ಯಾರು ಯಾರನ್ನು ಬೈಯಬೇಕು?

ಕೊನೆಯ ಅಧ್ಯಾಯದಲ್ಲಿ ಚೆನ್ನಿ ಸಣ್ಣಕ್ಕನ ಊರು ಹುಡುಕಿಕೊಂಡು ಹೋಗುತ್ತಾಳೆ. ಮನೆಗೆ ಬೀಗ. ಪಕ್ಕದ ಮನೆಯಾಕೆ, 'ಅವಳು ಸತ್ತು ಎರಡು ಮಳೆಗಾಲ ಹೋಯ್ತಲ್ಲವ್ವಾ. ನಿನಗೇನಾಗಬೇಕಿತ್ತು?' ಎನ್ನುತ್ತಾಳೆ. ಕಾದಂಬರಿ ಅಲ್ಲಿಗೆ ಮುಗಿಯುತ್ತದೆ.

ವಾಣಿಶ್ರೀ ಪುಸ್ತಕವನ್ನು ಎದೆಗವುಚಿಕೊಂಡು ಅತ್ತಳು. ಒಳಗೆ ಅಮ್ಮ ಸೋಮವಾರಕ್ಕೆಂದು ಹಿತ್ತಾಳೆ ಪಾತ್ರೆ ತಿಕ್ಕುತ್ತಿದ್ದಳು. ಸುಮ್ಮನಿದ್ದರೆ ಸೋಮವಾರ ಅವನು ಬರುತ್ತಾನೆ. ಬಾಳೆಲ್ಲ ಅವನ ಜೊತೆ. ಯಾರಿಗೂ ಗೊತ್ತಾಗುವುದಿಲ್ಲ. ಬಾಯಿ ಬಿಟ್ಟರೆ ಅವನೂ ಇಲ್ಲ, ಅಶ್ವಿನಿಯೂ ಇಲ್ಲ...

ಆದರೆ ಅವನು ಪ್ರೀತಿಸಿದ್ದು 'ನಾನಲ್ಲ' ಎಂದವಳನ್ನು. ಆ ಹುಡುಗಿ ಎಲ್ಲಿದ್ದಾಳೆ? ಇಲ್ಲದವಳ ಹೆಸರಿನಲ್ಲಿ ತಾಳಿ ಕಟ್ಟಿಸಿಕೊಂಡು ತಾನು ಹೇಗೆ ಬಾಳುವುದು?

ಅಕ್ಕನಾಗಮ್ಮ ಇನ್ನೂ ಬದುಕಿದ್ದಾಳೆ. ಆ ಬಾಗಿಲಿಗೆ ಇನ್ನೂ ಬೀಗ ಬಿದ್ದಿಲ್ಲ.

ಶುಕ್ರವಾರ ಬೆಳಿಗ್ಗೆ ಅವಳು ಬಸ್ಸು ಹತ್ತಿದಳು. ಶಿರಾಳಕೊಪ್ಪ ದಾಟಿದ ಮೇಲೆ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಹಾಕಿದ್ದರು. ಬಸ್ಸು ಮೆಲ್ಲಗೆ ಸಾಗುವಾಗ ಅವಳಿಗೆ ಒಂದು ಕಡೆ ಬೇಗ ತಲುಪಬೇಕು, ಇನ್ನೊಂದು ಕಡೆ ತಲುಪಲೇಬಾರದು ಎನಿಸುತ್ತಿತ್ತು. ಕುಬಟೂರಿನಲ್ಲಿ ಇಳಿದು ಮನೆ ಕೇಳಿಕೊಂಡು ಹೋದಳು. ಅಕ್ಕನಾಗಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

ವಾಣಿಶ್ರೀ ನಿಂತೇ ಎಲ್ಲವನ್ನೂ ಹೇಳಿದಳು. ಕೂರಲು ಆಕೆ ಹೇಳಲೂ ಇಲ್ಲ.

ಮಾತು ಮುಗಿದ ಮೇಲೂ ಅಕ್ಕನಾಗಮ್ಮನ ಕೈ ಕಾಯಿ ಸುಲಿಯುತ್ತಲೇ ಇತ್ತು.

"ನನ್ನ ಕಾಲು ಹಿಡಿಯಾಕೆ ಬಂದ್ಯೇನು?"

"ಹೂಂ ಅಮ್ಮ."

"ನಾನು ಕ್ಷಮಿಸಿದೆ ಅಂದ್ರೆ ನಿನ್ನ ಎದೆ ಹಗುರಾತು, ನೀನು ಬಸ್ಸು ಹತ್ತಿ ಹೋದೆ. ನನಗೇನು ಬಂತು?" ಆಕೆ ಮೊರ ಪಕ್ಕಕ್ಕಿಟ್ಟಳು. "ನಾನು ಬಾಯಿಬಡುಕಿ, ಹೌದು. ಊರಿಗೇ ಗೊತ್ತು. ಆದ್ರೆ ಆ ಕೂಸನ್ನ ಎತ್ತಿ ಆಡಿಸಿದೋಳು ನಾನು. ನನ್ನ ತಮ್ಮ ನನ್ನ ಒಂದು ಮಾತು ಕೇಳಲಿಲ್ಲ. ತಪ್ಪು ಮಾಡದೇ ಇರೋಳು ಬೇಡಿಕೊಂಡು ಯಾಕೆ ಹೋಗ್ಬೇಕು ಅಂತ ನಾನೂ ಹೋಗಲಿಲ್ಲ. ಇಲ್ಲಿ ಹೇಳಿದ್ದನ್ನ ಅಲ್ಲಿ ಹೇಳ್ತೀಯಾ?"

"ಅಲ್ಲಿಗೇ ಹೊರಟಿದ್ದೆ."

"ಹಂಗಾದ್ರೆ ನಡಿ. ನಾನೂ ಬರ್ತೀನಿ."

ಜಡೆಯ ಮನೆಯ ಅಂಗಳಕ್ಕೆ ಬಂದು ಅಕ್ಕನಾಗಮ್ಮ ನಿಂತುಬಿಟ್ಟಳು. ಹೊಸ್ತಿಲು ಹತ್ತಲಿಲ್ಲ. "ನೀನು ಹೋಗು. ನಾನು ಇಲ್ಲೇ ಕೇಳಿಸ್ಕೋತೀನಿ."

ಅಶ್ವಿನಿ ಓಡಿಬಂದು ಅವಳನ್ನು ತಬ್ಬಿಕೊಂಡಳು. ಬಡವಾಗಿದ್ದಳು. ತೋಳು ಸವರಿದ ಕೂಡಲೇ ಹಳೆಯ ಅಳತೆ ಈಗ ಸಡಿಲಾಗುತ್ತದೆಂದು ದರ್ಜಿಯ ಕೈಗೆ ತಿಳಿಯಿತು.

"ನಿನ್ನ ಮೇಲೂ ಅನುಮಾನ ಪಟ್ಟೆ ಕಣೆ ಇಷ್ಟು ದಿನ. ಹೊಟ್ಟೇಲಿ ಹಾಕ್ಕೋ ಮಾರಾಯ್ತಿ," ಎಂದಳು ಅಶ್ವಿನಿ.

ಅಯ್ಯೋ, ಇವಳು ನನ್ನ ಕ್ಷಮೆ ಕೇಳುತ್ತಿದ್ದಾಳಲ್ಲ... ವಾಣಿಶ್ರೀಗೆ ನೆಲ ಬಿರಿಯಬಾರದೇ ಎನಿಸಿತು.

"ಮೊದಲು ಪುಸ್ತಕ ಓದೋಣ," ಎಂದು ಚೀಲದಿಂದ ಕಾದಂಬರಿ ತೆಗೆದು ಅವಳ ಕೈಗಿಟ್ಟಳು. "ಕೊನೇ ಪುಟ ಸಾಕು. ನೀನು ಓದು. ಅರ್ಥ ನಾನು ಹೇಳ್ತೀನಿ."

ರೇಣುಕಾಪ್ರಸಾದ್ ಬಾಗಿಲಿಗೆ ಒರಗಿ ನಿಂತು ನಗುತ್ತಿದ್ದ. ಆ ನಗು ಇನ್ನೆಷ್ಟು ಹೊತ್ತು? ಶಾಂತವೀರಪ್ಪನವರು ಕುರ್ಚಿಯಲ್ಲಿ ಕೂತಿದ್ದವರು, ಅಂಗಳದಲ್ಲಿ ನಿಂತ ಅಕ್ಕನನ್ನು ನೋಡಿ ಮುಖ ತಿರುಗಿಸಿದರು.

ಅಶ್ವಿನಿ ಹಳೆಯ ಸಲುಗೆಯಲ್ಲಿ ರಾಗ ಎಳೆದು ಓದತೊಡಗಿದಳು. ಬೀಗದ ಮಾತು ಬಂದಾಗ ರಾಗ ಬಿಟ್ಟಿತು. 'ನಿನಗೇನಾಗಬೇಕಿತ್ತು?' ಎಂಬಲ್ಲಿಗೆ ಬಂದು ನಿಲ್ಲಿಸಿ ಗೆಳತಿಯ ಮುಖ ನೋಡಿದಳು.

"ಹೇಳಮ್ಮ. ಏನಿದರ ಅರ್ಥ?"

"ಇದರ ಅರ್ಥ..." ವಾಣಿಶ್ರೀ ಸೀರೆಯ ಅಂಚನ್ನು ಬಿಗಿಯಾಗಿ ಹಿಡಿದಳು. "ಚೆನ್ನಿ ತಡ ಮಾಡಿದ್ಲು. ನಾನೂ ಮಾಡಿದೆ. ಅಶ್ವಿನಿ, ಸೊರಬದೋರಿಗೆ ನಿನ್ನ ಕಾಯಿಲೆ ಹೇಳಿದ್ದು ಅತ್ತೆ ಅಲ್ಲ. ನಾನು."

ಶಾಂತವೀರಪ್ಪನವರು ಕುರ್ಚಿಯಿಂದ ಎದ್ದುಬಿಟ್ಟರು.

"ಗೊತ್ತಿಲ್ದೆ ಹೇಳಿದ್ಲು ಅಂತ ಮಾತ್ರ ಅಂದ್ಕೋಬೇಡ. ಅವರು ಯಾರ ಕಡೆಯೋರು ಅಂತ ನನಗೆ ಹೊಳೆದಿತ್ತು. ನನ್ನ ಬೇಡ ಅಂದೋನು ನಿನ್ನ ಬೇಕು ಅಂದ... ಒಂದು ಗಳಿಗೆ ಹೊಟ್ಟೆಕಿಚ್ಚು ಆತು ಕಣೆ. ಅರ್ಥ ಹೇಳೋ ಜಾಗದಲ್ಲಿ ಕೂತಿದ್ದೀನಿ. ಸುಳ್ಳು ಹೇಳಲ್ಲ."

ಅಶ್ವಿನಿಯ ಮಡಿಲಿನಿಂದ ಪುಸ್ತಕ ಜಾರಿತು. ಅವಳು ಅಳಲಿಲ್ಲ, ಬೈಯಲಿಲ್ಲ. ಎದ್ದು ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನಾನಲ್ಲ ಅಂದ್ಯಲ್ಲ ವಾಣಿ." ರೇಣುಕಾಪ್ರಸಾದನ ದನಿ ಅವನದೆಂದೇ ಅನಿಸಲಿಲ್ಲ. "ನನ್ನ ಮುಖ ನೋಡಿ ಅಂದೆ."

"ಅಂದೆ."

"ನಾನು ಅತ್ತೆ ಮುಂದೆ ನಿಂತು, ನಿನ್ನ ಬಾಯಿಂದಾನೇ ಮನೆ ಹಾಳಾತು ಅಂದಿದ್ದೆ."

ಅವಳು ಕೆಮ್ಮಲೂ ಇಲ್ಲ. ಕರೆಯುವ ಹಕ್ಕು ಇನ್ನೆಲ್ಲಿ ಉಳಿದಿದೆ?

"ನಿಮಗೆ ಬಸ್ಸಿಗೆ ಹೊತ್ತಾಗುತ್ತೆ. ಹೊರಡಿ," ಎಂದು ಅವನು ಗೋಡೆಯ ಕಡೆ ತಿರುಗಿದ. ಎಂದೂ ಏಕವಚನ ಬಿಡದವನ ಬಾಯಲ್ಲಿ ಆ 'ನಿಮಗೆ' ಅವಳನ್ನು ಊರಾಚೆ ನಿಲ್ಲಿಸಿತು.

ಅವಳು ಅಂಗಳಕ್ಕೆ ಇಳಿಯುವಾಗ ಶಾಂತವೀರಪ್ಪನವರು ಒಳಗಿನಿಂದ ನೀರಿನ ಲೋಟ ಹಿಡಿದು ಹೊರಗೆ ಬಂದರು. ಅಕ್ಕನೆದುರು ತಲೆ ತಗ್ಗಿಸಿ ನಿಂತರು.

ಅಕ್ಕನಾಗಮ್ಮ ಲೋಟ ನೋಡಿದಳು, ತಮ್ಮನನ್ನು ನೋಡಿದಳು. "ವರ್ಷದ ಬಾಯಾರಿಕೆ ಕಣೋ. ಒಂದು ಲೋಟಕ್ಕೆ ಹೋಗಲ್ಲ. ಕೊಡ ತಗಂಡು ಬಾ," ಎಂದು ಅಳತೊಡಗಿದಳು.

ವಾಣಿಶ್ರೀ ಅದನ್ನು ಬೆನ್ನ ಹಿಂದೆ ಕೇಳಿಸಿಕೊಂಡು ಬಸ್ ನಿಲ್ದಾಣಕ್ಕೆ ನಡೆದಳು.

ಶನಿವಾರ ಅಮ್ಮನಿಗೆ ಎಲ್ಲವನ್ನೂ ಹೇಳಿದಳು. ನೀಲಾಂಬಿಕ ತಿಕ್ಕಿದ ಪಾತ್ರೆಗಳನ್ನು ಮತ್ತೆ ಅಟ್ಟಕ್ಕೆ ಏರಿಸಿದಳು. ಭಾನುವಾರ ಫೋನು ಒಂದು ಸಲವೂ ಸದ್ದು ಮಾಡಲಿಲ್ಲ. ನಿಜ ಹೇಳಿದರೆ ಎದೆ ಹಗುರಾಗುತ್ತದೆ ಎನ್ನುತ್ತಾರಲ್ಲ, ಯಾರ ಎದೆಯದು? ಅವಳದಂತೂ ಆಗಲಿಲ್ಲ. ಗೆಳತಿ ಬಾಗಿಲು ಹಾಕಿಕೊಂಡ ಸದ್ದು, ಅವನು ತಿರುಗಿ ನಿಂತ ಬೆನ್ನು, ಇವೆರಡೇ ಹಗಲೂ ಇರುಳೂ ಅವಳ ಜೊತೆಗಿದ್ದವು. ಬದುಕು ಇನ್ನು ಹೀಗೇ, ಬೇರೆಯವರ ಮದುವೆಗೆ ರವಿಕೆ ಹೊಲಿಯುತ್ತಾ ಕಳೆಯುವುದು ಎಂದುಕೊಂಡಳು.

ಸೋಮವಾರ ಬಂತು. ಅವಳು ಹಳೆಯ ಸೀರೆಯಲ್ಲಿ, ಬಾಚದ ತಲೆಯಲ್ಲಿ ಮಷಿನ್ನಿಗೆ ಕೂತಳು. ಮೊಳೆಯ ಮೇಲಿದ್ದ ಹಸಿರು ರವಿಕೆಯನ್ನು ಇಳಿಸಿ, ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದಳು.

"ಏನವ್ವಾ, ಹೆಣ್ಣು ಕೇಳಾಕೆ ಬಂದ್ರೆ ಕೂರು ಅನ್ನಲ್ವೇನು ನಿಮ್ಮನೇಲಿ?"

ಅವಳು ತಲೆ ಎತ್ತಿದಳು. ಬಾಗಿಲಲ್ಲಿ ಅಕ್ಕನಾಗಮ್ಮ, ಇಳಕಲ್ ಸೀರೆ ಉಟ್ಟು ನಿಂತಿದ್ದಳು. ಹಿಂದೆ ರೇಣುಕಾಪ್ರಸಾದ್.

ನೀಲಾಂಬಿಕ ಒಳಗಿನಿಂದ ಓಡಿಬಂದಳು. "ಅಕ್ಕಾ... ನಮ್ಮ ಹುಡುಗಿ ಮಾಡಿದ್ದು ನಿಮಗೆ ಗೊತ್ತೈತಲ್ರಿ..."

"ಗೊತ್ತಿರೋದಕ್ಕೇ ಬಂದಿದ್ದು. ಎಲ್ಲಾರೂ ಹುಡುಗಿ ವಿಚಾರ ಅಕ್ಕಪಕ್ಕ ಕೇಳ್ತಾರೆ. ಇವಳ ವಿಚಾರ ನಾನು ಯಾರನ್ನ ಕೇಳ್ಬೇಕು? ತನ್ನ ಐಬು ತಾನೇ ಮನೆ ಬಾಗಿಲಿಗೆ ಬಂದು ಹೇಳಿ ಹೋಗಿದಾಳೆ." ಅಕ್ಕನಾಗಮ್ಮ ನೀಲಾಂಬಿಕಳ ಕೈ ಹಿಡಿದಳು. "ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ, ಅದು ಬೇರೆ ಮಾತು. ಬಾ, ಮೊದ್ಲು ನೀರು ಕೊಡು."

ಹಿರಿಯರಿಬ್ಬರೂ ಒಳಗೆ ಹೋದರು. ಅಂಗಡಿಯಲ್ಲಿ ಅವಳು, ಅವನು.

ಅವನು ಒಂದು ಕಾಗದದ ಪೊಟ್ಟಣ ಮಷಿನ್ನಿನ ಮೇಲಿಟ್ಟ. ಒಳಗೆ ನೇರಳೆ ಬಣ್ಣದ ರೇಷ್ಮೆ ರವಿಕೆ ಬಟ್ಟೆ.

"ಅಶ್ವಿನಿ ಕಳಿಸಿದಾಳೆ. ಅಣ್ಣನ ಮದುವೆಗೆ ಹಾಕ್ಕೊಳ್ಳೋಕೆ. ಅವಳು ಹೇಳಿದ್ದನ್ನ ಹಂಗೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. 'ನಾನು ಅವಳ ಹತ್ರ ಮಾತಾಡ್ತೀನೋ ಇಲ್ವೋ ಗೊತ್ತಿಲ್ಲ. ಆದ್ರೆ ನನ್ನ ಅಳತೆ ಗೊತ್ತಿರೋಳು ಅವಳೊಬ್ಬಳೇ' ಅಂದ್ಲು."

ವಾಣಿಶ್ರೀ ಆ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡಳು. ಇಷ್ಟು ದಿನ ತಡೆದದ್ದೆಲ್ಲ ಒಡೆದು ಹರಿಯಿತು. ಅವನು ಅವಳನ್ನು ಅಳಲು ಬಿಟ್ಟು ಕಾದ.

"ಅವಳು ಅಪ್ಪನ್ನ ಒಂದು ಮಾತು ಕೇಳಿದ್ಲು. ನನ್ನ ಕಾಯಿಲೆ ಹೇಳಿದ್ದು ತಪ್ಪಾ, ಮುಚ್ಚಿಟ್ಟಿದ್ದು ತಪ್ಪಾ ಅಂತ." ಅವನು ಸ್ಟೂಲು ಎಳೆದು ಕೂತ. "ಮುಚ್ಚಿಡೋಣ ಅಂದೋನು ನಾನೇ ವಾಣಿ. ಮದುವೆ ಆದ್ಮೇಲೆ ಗೊತ್ತಾದ್ರೆ ಆಗ್ಲಿ ಅಂದಿದ್ದೆ. ಅದನ್ನ ನಾನೂ ಯಾರಿಗೂ ಹೇಳ್ಕೊಂಡಿರಲಿಲ್ಲ. ನಿನ್ನ ಹೊರಡಿ ಅಂದ್ನಲ್ಲ, ಆ ರಾತ್ರಿ ನನ್ನನ್ನೂ ಯಾರಾದ್ರೂ ಹೊರಡು ಅನ್ಬೇಕಿತ್ತು ಅನ್ನಿಸ್ತು."

"ನನ್ನ ನಂಬೋಕೆ ಆಗುತ್ತಾ ಇನ್ಮೇಲೆ?"

"ಮೊದಲು ನಂಬಿದ್ದು ಕಣ್ಣು ಮುಚ್ಕೊಂಡು. ಈಗ ನೋಡಿ ನಂಬ್ತೀನಿ. ಸ್ವಲ್ಪ ಟೈಮ್ ಹಿಡೀಬೋದು. ಕಾಯ್ತೀಯಾ?"

ಹೂಂ ಎನ್ನಲು ಹೋದಳು, ಅಭ್ಯಾಸ ಬಿಡಬೇಕಲ್ಲ, ಕೆಮ್ಮು ಬಂತು.

"ಇವತ್ತು ಶುಂಠಿ ತಂದಿಲ್ಲ," ಎಂದ ಅವನು. "ಹೆಸರು ಹಿಡಿದೇ ಕರಿ."

"...ಪ್ರಸಾದ್."

"ಹೂಂ?"

"ಸುಮ್ನೆ. ಕರೆದು ನೋಡಿದೆ."

ಒಳಗಿನಿಂದ ಅಕ್ಕನಾಗಮ್ಮನ ಗಂಟಲು ಬೀದಿಗೂ ಕೇಳುವಂತೆ ಬಂತು. "ಹುಡುಗಿ ಎಲ್ಲವ್ವಾ? ಹಣೆಗೆ ಕುಂಕುಮ ಇಡ್ಬೇಕು. ಯಾರು ಹುಡುಗಿ ಇಲ್ಲಿ?"

ರೇಣುಕಾಪ್ರಸಾದ್ ಅವಳ ಮುಖವನ್ನೇ ನೋಡಿದ. ವರ್ಷದ ಹಿಂದೆ ಕೇಳಿದ್ದನ್ನೇ ಮತ್ತೆ, ಮೆಲ್ಲಗೆ ಕೇಳಿದ.

"ನೀನಾ ವಾಣಿ?"

ಅವಳು ಕಣ್ಣೊರೆಸಿಕೊಂಡು ಎದ್ದಳು.

"ನಾನೇ ರೀ."